ರಮಾಬಾಯಿಯ ಕಾಗದಗಳು ಉಳಿದವು, ನಮ್ಮ ಅವ್ವಂದಿರದು?

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಶಿವಮೊಗ್ಗದವರು ತುಂಗೆ ನೀರು ಕುಡಿಯೋರು, ಭದ್ರಾವತಿಯವರು ಭದ್ರೆ ನೀರು ಕುಡಿಯೋರು. ಎರಡೂ ಹೊಳೆ ಹುಟ್ಟೋದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1858ರಲ್ಲಿ ಅದೇ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದ ಸುಧಾರಕಿ ಅಂತಷ್ಟೇ ನಾವು ಪಾಠದಲ್ಲಿ ಓದಿದ್ದು. ನಮ್ಮ ಹೊಳೆಗಳ ತಲೆಯಲ್ಲೇ ಹುಟ್ಟಿದ ಹೆಣ್ಣುಮಗಳು ಅಂತ ಯಾರೂ ಹೇಳಲಿಲ್ಲ.

ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರು ಮಾಡಿದ ಅಪರಾಧ. ಅದಕ್ಕೆ ಉಡುಪಿಯ ಪಂಡಿತರ ಮುಂದೆ ನಿಂತು ಉತ್ತರ ಕೊಡಬೇಕಾಯ್ತು. ಸ್ವಂತ ಜಾತಿಯ ಹೆಂಗಸು ಅಕ್ಷರ ಕಲಿತರೇ ಪಂಚಾಯ್ತಿ ಸೇರಿಸ್ತಿದ್ದ ಕಾಲ ಅದು. ಇನ್ನು ನಮ್ಮ ಕೇರಿಯ ಹೆಂಗಸರ ಮಾತು ಎಲ್ಲಿಂದ ಬರಬೇಕು?

ಆ ಅವ್ವನಿಂದ ಸಂಸ್ಕೃತ ಕಲಿತ ರಮಾಬಾಯಿ 1874ರ ಬರಗಾಲದ ಹೊತ್ತಿಗೆ ಅಪ್ಪ ಅವ್ವ ಇಬ್ಬರನ್ನೂ ಕಳಕೊಂಡರು. ಅಣ್ಣನ ಜೊತೆ ದೇಶವೆಲ್ಲ ಕಾಲ್ನಡಿಗೆಯಲ್ಲಿ ತಿರುಗಿ ಕಲ್ಕತ್ತ ಮುಟ್ಟಿದರು. 1880ರಲ್ಲಿ, ಬ್ರಾಹ್ಮಣರು ಶೂದ್ರ ಅಂತ ಎಣಿಸುತ್ತಿದ್ದ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿಯನ್ನು ಮದುವೆಯಾದರು. ಎರಡು ವರ್ಷ ತುಂಬೋದರೊಳಗೆ ವಿಧವೆ, ಕಂಕುಳಲ್ಲಿ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತರಾದರು.

ನಾನು ಹೇಳಬೇಕೆಂದಿರೋದು ಅಲ್ಲಿಂದ ಮುಂದೆ ಅವರು ಬರೆದ ಕಾಗದಗಳ ವಿಚಾರ. ಅವು 1977ರಲ್ಲಿ ಮುಂಬೈಯಿಂದ ಪುಸ್ತಕವಾಗಿ ಬಂದಿವೆ. ಕೂಡಿಸಿಟ್ಟವರು ಸಿಸ್ಟರ್ ಜೆರಾಲ್ಡೀನ್ ಅನ್ನೋ ಇಂಗ್ಲಿಷ್ ಸನ್ಯಾಸಿನಿ. ರಮಾಬಾಯಿ ಅತಿ ಹೆಚ್ಚು ಜಗಳ ಆಡಿದ್ದು ಇದೇ ಸಿಸ್ಟರ್ ಜೊತೆ!

ಜಗಳ ಎಂಥವು ನೋಡಿ. ಚೆಲ್ಟನ್‌ಹ್ಯಾಮ್‌ನಲ್ಲಿದ್ದಾಗ ಅವರು ಗಂಡಸರಿಗೆ ಪಾಠ ಹೇಳೋದು ಬೇಡ ಅಂತ ಬಿಷಪ್‌ಗಳು ತಡೆದರು. ಹಿಂದೂಸ್ತಾನದಲ್ಲಿ ನನ್ನ ಅಪ್ಪನಾಗಲಿ ಗಂಡನಾಗಲಿ ಇದಕ್ಕೆ ಬೇಡ ಅನ್ನಲಿಲ್ಲ, ನಿಮಗೇನು ತೊಂದರೆ ಅಂತ 1885ರಲ್ಲಿ ಬರೆದರು. ಸನ್ಯಾಸಿನಿಯರ ಶಿಲುಬೆ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿರಬಾರದು ಅಂತ ಇನ್ನೊಂದು ತಕರಾರು. ಬೈಬಲನ್ನು ಒಪ್ಪಿದ್ದೀನಿ, ಆದರೆ ನನ್ನ ಬುದ್ಧಿ, ನನ್ನ ಆತ್ಮಸಾಕ್ಷಿ ನಿಮಗೆ ಒತ್ತೆ ಇಟ್ಟಿಲ್ಲ ಅನ್ನೋದು ಆ ಕಾಗದಗಳ ಒಟ್ಟು ಧಾಟಿ. ಆಳುವ ಜನದ ನಡುವೆ, ಅವರ ಅನ್ನ ತಿನ್ನುತ್ತಾ, ಆಕೆ ಇದನ್ನು ಬರೆದರು. ಅದಕ್ಕೆ ನನ್ನ ಸಲಾಂ.

ಆದರೆ ನಾನು ದಲಿತ. ನನ್ನ ಕಣ್ಣು ಇನ್ನೊಂದು ಕಡೆಗೂ ಹೋಗುತ್ತೆ. ಲ್ಯಾಟಿನ್‌ಗೆ ಎದುರಾಗಿ ಆಕೆ ಎತ್ತಿ ಹಿಡಿದ ಸಂಸ್ಕೃತವನ್ನು ನಮ್ಮ ಕಿವಿಗೇ ಬೀಳಗೊಡದ ದೇಶ ಇದು. ಮೊಟ್ಟೆ ಹಾಕಿದ ತಿನಿಸನ್ನೂ ಆಕೆ ಮುಟ್ಟುತ್ತಿರಲಿಲ್ಲ. ಇದು ನಿನ್ನ ಜಾತಿ ಹಮ್ಮು ಅಂತ ಸಿಸ್ಟರ್ ಚುಚ್ಚಿದರು. ನೀವು ಹೇಳೋ ಜಾತಿ ಪೂರ್ವಗ್ರಹ ನನ್ನಿಂದ ಪೂರ್ತಿ ಹೋಗಿಲ್ಲ ಅಂತ ರಮಾಬಾಯಿ ಒಪ್ಪಿಕೊಂಡೇ ಉತ್ತರ ಬರೆದರು, ಊಟ ಮಾತ್ರ ಬದಲಿಸಲಿಲ್ಲ. ಬಿಸಿಯೂಟದ ಮೊಟ್ಟೆಗೆ ಇವತ್ತಿಗೂ ಗಲಾಟೆ ಎಬ್ಬಿಸೋ ನಾಡಿನಲ್ಲಿ, ಬಾಯಿಬಿಟ್ಟು ಹಾಗೆ ಒಪ್ಪಿಕೊಂಡವರು ಎಷ್ಟು ಜನ ಸಿಗ್ತಾರೆ?

1886ರಲ್ಲಿ ಆಕೆ ಅಮೆರಿಕಕ್ಕೆ ಹೋದರು. ಮರು ವರ್ಷ ಅಲ್ಲೇ ಅಚ್ಚಾದ ಇಂಗ್ಲಿಷ್ ಪುಸ್ತಕದ ಹೆಸರೇ ‘ಮೇಲ್ಜಾತಿಯ ಹಿಂದೂ ಮಹಿಳೆ’ ಎಂದು. ನಮ್ಮವರು ಅದರ ಹೆಸರಿನಲ್ಲೇ ಹೊರಗೆ. ಆದರೆ ಅದೇ ಅಮೆರಿಕದಿಂದ, ದೂರದಲ್ಲಿದ್ದ ಪುಟ್ಟ ಮಗಳಿಗೆ ಬರೆದ ಒಂದು ಕಾಗದ ಇದೆ. ಅದರಲ್ಲಿ ಹ್ಯಾರಿಯೆಟ್ ಟಬ್‌ಮನ್ ಅನ್ನೋ ಕಪ್ಪು ಹೆಂಗಸನ್ನು ಕಂಡು ಬಂದ ಕಥೆ ಹೇಳ್ತಾರೆ. ಜೀತದಲ್ಲಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಜೀವ ಪಣಕ್ಕಿಟ್ಟು ಹಿಂದಿರುಗಿ ಸುಮಾರು 70 ಜನರನ್ನು ಬಿಡಿಸಿ ತಂದ ಮಹಾತಾಯಿ ಆಕೆ. ಆ ಮುದುಕಿ ತನ್ನನ್ನು ಬಿಗಿಯಾಗಿ ತಬ್ಬಿಕೊಂಡಳು ಅಂತ ಪ್ರೀತಿಯಿಂದ ಬರೀತಾರೆ.

ಟಬ್‌ಮನ್‌ಗೆ ಓದು ಬರಹ ಬರ್ತಿರಲಿಲ್ಲ. ಜೀತದವರಿಗೆ ಅಕ್ಷರ ಕಲಿಸೋದು ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಕಾನೂನಿಗೇ ವಿರುದ್ಧವಾಗಿತ್ತು. ಆಕೆ ಬಾಯಲ್ಲಿ ಹೇಳಬೇಕು, ಬೇರೆಯವರು ಬರೆಯಬೇಕು. ಆ ಭೇಟಿಯಲ್ಲಿ ಇದ್ದದ್ದು ಇಬ್ಬರು ಹೆಂಗಸರು, ಕಾಗದ ಬರೆಯೋಕೆ ಆದದ್ದು ಒಬ್ಬರಿಗೆ.

ನಮ್ಮ ಕಡೆಯೂ ಹೀಗೇ. ಸಾವಿತ್ರಿಬಾಯಿ ಫುಲೆ 1868ರಲ್ಲಿ ಜ್ಯೋತಿಬಾಗೆ ಬರೆದ ಕಾಗದದಲ್ಲಿ ಶಾರ್ಜಾ ಅನ್ನೋ ದಲಿತ ಹುಡುಗಿ ಬರ್ತಾಳೆ. ಬ್ರಾಹ್ಮಣ ಹುಡುಗನಿಂದ ಬಸುರಾದಳು ಅಂತ ಊರವರು ಇಬ್ಬರನ್ನೂ ಕೊಲ್ಲೋಕೆ ಹೊರಟಿದ್ದರು. ಸಾವಿತ್ರವ್ವ ಅಡ್ಡ ನಿಂತು, ಬ್ರಿಟಿಷ್ ಕಾನೂನಿನ ಹೆದರಿಕೆ ಹಾಕಿ ಬಿಡಿಸಿದರು. ಆ ಒಂದು ಕಾಗದ ಇಲ್ಲದಿದ್ದರೆ ಶಾರ್ಜಾ ಅನ್ನೋ ಹೆಸರೇ ನಮಗೆ ಗೊತ್ತಾಗ್ತಿರಲಿಲ್ಲ. ಅವಳು ಬರೆದದ್ದಂತೂ ಒಂದಕ್ಷರವೂ ಇಲ್ಲ.

ನಾನು ಆಫೀಸಿನಲ್ಲಿ ಫೈಲು ಕಟ್ಟೋ ಗುಮಾಸ್ತ. ನನಗೆ ಗೊತ್ತಿರೋದು ಇಷ್ಟು: ಕಾಗದ ತಾನಾಗಿ ಉಳಿಯೋದಿಲ್ಲ. ಯಾರೋ ದಾರ ಹಾಕಿ ಕಟ್ಟಬೇಕು, ತಾರೀಖು ಹಾಕಬೇಕು, ಗೆದ್ದಲು ಹಿಡಿಯದ ಕಡೆ ಇಡಬೇಕು. ರಮಾಬಾಯಿಗೆ ಆ ಕೆಲಸ ಮಾಡಿದವರು ಅವರ ಮಾತು ಒಪ್ಪದ ಸನ್ಯಾಸಿನಿ. ಒಪ್ಪದವರ ಫೈಲಿನಲ್ಲಿದ್ದರೂ ಆಕೆಯ ದನಿ ಸತ್ತಿಲ್ಲ.

ಕನ್ನಡದಲ್ಲಿ ಕಾಗದ ಅಂದರೆ ಪತ್ರವೂ ಹೌದು, ಹಾಳೆಯೂ ಹೌದು. ಭದ್ರಾವತಿಯಲ್ಲಿ 1936ರಲ್ಲೇ ಕಾಗದದ ಕಾರ್ಖಾನೆ ಸ್ಥಾಪನೆಯಾಯ್ತು. ನಾಡಿನ ಪುಸ್ತಕ, ಪತ್ರಿಕೆಗಳಿಗೆ ಹಾಳೆ ಕೊಟ್ಟ ಊರು. ಆ ಹಾಳೆಗಳಲ್ಲಿ ನಮ್ಮ ಕೇರಿಯ ಹೆಂಗಸರ ಮಾತು ಎಷ್ಟಿದೆ? ಹುಡುಕಿದರೆ ಸಿಗೋದು ಅರ್ಜಿಯ ಕೆಳಗಿನ ಹೆಬ್ಬೆಟ್ಟಿನ ಗುರುತು.

ಆ ಅರ್ಜಿಗಳೇ ನಮ್ಮ ಪತ್ರ ಸಾಹಿತ್ಯ ಕಣ್ರೀ. 1970ರ ದಶಕದಲ್ಲಿ ಇದೇ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ, ಭೂಮಿಗೆ, ಸ್ಮಶಾನಕ್ಕೆ, ಬಾವಿ ನೀರಿಗೆ, ದೌರ್ಜನ್ಯದ ದೂರಿಗೆ ನಮ್ಮ ಹುಡುಗರು ರಾತ್ರಿ ಕೂತು ಅರ್ಜಿ ಬರೆದರು. ಅವ್ವಂದಿರು ಹೇಳಿದರು, ಮಕ್ಕಳು ಬರೆದರು. ‘ನಾವು ಉತ್ತಿದ ನೆಲ ನಮಗೆ ಕೊಡಿಸಿ ಸ್ವಾಮಿ’ ಅನ್ನೋ ಸಾಲಿನ ಒಳಗೆ ಒಂದು ಬದುಕೇ ಇರುತ್ತೆ. ಬಗರ್‌ಹುಕುಂ ಫಾರಂ 50, 53ರ ನಕಲು ಪ್ರತಿಗಳು ಇವತ್ತೂ ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ ಮಡಚಿಕೊಂಡು ಬಿದ್ದಿವೆ. ಅಜ್ಜಿ ಸತ್ತ ದಿನ ಹಳೇ ಬಟ್ಟೆ ಜೊತೆ ಅವೂ ಹೊರಗೆ ಹೋಗ್ತವೆ.

ಎಸೀಬೇಡಿ. ಮನಿಆರ್ಡರ್ ಚೀಟಿ, ಇನ್‌ಲ್ಯಾಂಡ್ ಲೆಟರ್, ಅರ್ಜಿ ನಕಲು, ತಹಶೀಲ್ದಾರ್ ಕಚೇರಿಯ ಸ್ವೀಕೃತಿ, ಸಂಘದ ಕರಪತ್ರ ಎಲ್ಲಾ ತೆಗೆದಿಡಿ. ಮೊಬೈಲಲ್ಲಿ ಫೋಟೊ ತೆಗೀರಿ. ಮೂಲ ಕಾಗದದ ಮೇಲೆ ಗೀಚಬೇಡಿ, ಬೇರೆ ಚೀಟಿಯಲ್ಲಿ ಯಾರ ಹೆಬ್ಬೆಟ್ಟು, ಯಾರು ಬರೆದುಕೊಟ್ಟದ್ದು, ಯಾವ ಊರು, ಯಾವ ವರ್ಷ ಅಂತ ಬರೆದು ಜೊತೆಗಿಡಿ. ಹೇಳಬಲ್ಲ ಅವ್ವಂದಿರು ಇನ್ನೂ ಇದ್ದಾರೆ. ಈ ಭಾನುವಾರವೇ ಅವರ ಪಕ್ಕ ಕೂತು ಕೇಳಿ.