ಫಿರಂಗಿ ಬಿಡದ ಹವಾಲ್ದಾರ್

ಸೈನ್ಯದ ಕತೆ ಅಂದ ಕೂಡಲೇ ನಮಗೆ ನೆನಪಾಗೋದು ಕಾರ್ಯಪ್ಪ, ತಿಮ್ಮಯ್ಯ ಅವರಂಥ ಜನರಲ್‌ಗಳು. ತೋಳಿನ ಮೇಲೆ ಮೂರು ಪಟ್ಟಿ ಹೊತ್ತ ಹವಾಲ್ದಾರನೊಬ್ಬನ ಹೆಸರು ಹೇಳಿ ಅಂದ್ರೆ ತಲೆ ಕೆರೆದುಕೊಳ್ತೀವಿ. ಇವತ್ತು ಅಂಥ ಒಬ್ಬರ ಬಗ್ಗೆ ಬರೀಬೇಕು ಅನ್ನಿಸ್ತು. ಹೆಸರು ಉಮ್ರಾವ್ ಸಿಂಗ್, ಫಿರಂಗಿ ದಳದವರು.

ಅದಕ್ಕೂ ಮುಂಚೆ ಸ್ವಲ್ಪ ಹಿನ್ನೆಲೆ. 1857ರ ದಂಗೆಯಲ್ಲಿ ಸಿಪಾಯಿಗಳು ಫಿರಂಗಿಗಳನ್ನ ಬ್ರಿಟಿಷರ ಕಡೆಗೇ ತಿರುಗಿಸಿದ್ದರಲ್ಲ, ಆ ಭಯ ಅವರನ್ನ ಬಹಳ ಕಾಲ ಬಿಡಲಿಲ್ಲ. ಭಾರತೀಯರ ಕೈಗೆ ಬಂದೂಕು ಕೊಡೋಣ, ದೊಡ್ಡ ಫಿರಂಗಿ ಮಾತ್ರ ಬೇಡ ಅನ್ನೋದು ನೀತಿಯಾಯ್ತು. ಹೆಚ್ಚುಕಡಿಮೆ ಉಳಿದದ್ದು ಬೆಟ್ಟಗಾಡಿನಲ್ಲಿ ಹೇಸರಗತ್ತೆಗಳ ಮೇಲೆ ಹೊತ್ತೊಯ್ಯೋ ಸಣ್ಣ ಫಿರಂಗಿಗಳು. ಭಾರತೀಯರದ್ದೇ ಆದ ಮೊದಲ ಫೀಲ್ಡ್ ಆರ್ಟಿಲರಿ ಬ್ರಿಗೇಡ್ ಶುರುವಾಗೋಕೆ 1935ರ ಜನವರಿ 15ರ ತನಕ ಕಾಯಬೇಕಾಯ್ತು. ಅದು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ! ಅಂದ್ರೆ ಅಪನಂಬಿಕೆ ಕರಗೋಕೆ 78 ವರ್ಷ ಬೇಕಾಯ್ತು.

ಉಮ್ರಾವ್ ಸಿಂಗ್ ಹುಟ್ಟಿದ್ದು 1920ರಲ್ಲಿ, ಈಗಿನ ಹರಿಯಾಣದ ಝಜ್ಜರ್ ಹತ್ತಿರದ ಪಾಲ್ರಾ ಅನ್ನೋ ಹಳ್ಳಿಯಲ್ಲಿ. 1939ರಲ್ಲಿ ಸೈನ್ಯ ಸೇರಿದರು. ಅವರ ಪಾಲಿಗೆ ಬಂದದ್ದು ಅದೇ ಬೆಟ್ಟಗಾಡಿನ ಫಿರಂಗಿ, 3.7 ಇಂಚಿನ ಹೊವಿಟ್ಜರ್. ಇದನ್ನ ಬಿಚ್ಚಿ ಎಂಟು ಹೇಸರಗತ್ತೆಗಳ ಮೇಲೆ ಹೇರಬಹುದಿತ್ತು. ರಸ್ತೆ ಇಲ್ಲದ ಕಡೆ ಹೊತ್ತುಕೊಂಡು ಹೋಗಿ, ಮತ್ತೆ ಜೋಡಿಸಿ, ಗುಂಡು ಹಾರಿಸಬೇಕು. ಇದರಲ್ಲಿ ಒಬ್ಬನ ಪರಾಕ್ರಮ ನಡೆಯಲ್ಲ, ಎಲ್ಲರ ಕೈ ಒಟ್ಟಿಗೆ ಓಡಬೇಕು.

ಇನ್ನೊಂದು ವಿಷಯ. ಕಾಲಾಳು ಪಡೆಗೆ ಅದರದ್ದೇ ಬಾವುಟ ಇರುತ್ತೆ, ಅದು ಶತ್ರುವಿನ ಕೈಗೆ ಸಿಕ್ಕರೆ ಮಾನ ಹೋದಂತೆ. ಫಿರಂಗಿ ದಳಕ್ಕೆ ಫಿರಂಗಿಯೇ ಬಾವುಟ. ಇದು ಗೊತ್ತಿದ್ದರೆ ಮುಂದಿನದು ಅರ್ಥ ಆಗುತ್ತೆ.

1944ರ ಡಿಸೆಂಬರ್ 15. ಬರ್ಮಾದ ಕಲಾದಾನ್ ಕಣಿವೆ. ಉಮ್ರಾವ್ ಸಿಂಗ್ ಅವರ ಫಿರಂಗಿ, ಪಶ್ಚಿಮ ಆಫ್ರಿಕಾದ ಡಿವಿಷನ್ ಒಂದಕ್ಕೆ ಬೆಂಬಲವಾಗಿ ಮುಂಚೂಣಿಯಲ್ಲಿತ್ತು. ಜಪಾನೀಯರು ಒಂದೂವರೆ ಗಂಟೆ ಶೆಲ್ ಸುರಿಸಿ, ಆಮೇಲೆ ಎರಡು ಕಂಪನಿ ಸೈನಿಕರನ್ನ ನುಗ್ಗಿಸಿದರು. ಗ್ರೆನೇಡ್ ಸಿಡಿದು ಗಾಯವಾದರೂ ಇವರು ಜಾಗ ಬಿಡಲಿಲ್ಲ. ಬ್ರೆನ್ ಗನ್ ಹಿಡಿದು ದಾಳಿ ಮೇಲೆ ದಾಳಿಯನ್ನ ಹಿಮ್ಮೆಟ್ಟಿಸಿದರು. ಕೊನೆಗೆ ಗುಂಡು ಖಾಲಿ. ಜೊತೆಯವರಲ್ಲಿ ಬಹುತೇಕರು ಸತ್ತಿದ್ದರು, ಇಲ್ಲವೇ ಗಾಯಗೊಂಡು ಬಿದ್ದಿದ್ದರು. ಆಗ ಕೈಗೆ ಸಿಕ್ಕಿದ್ದು ಫಿರಂಗಿಯ ಭಾಗಗಳನ್ನ ಎತ್ತೋಕೆ ಬಳಸೋ ಸಲಾಕೆ. ನಮ್ಮ ಹಳ್ಳಿಯ ಹಾರೆ ಇದ್ದಂಗೆ ಅಂದುಕೊಳ್ಳಿ. ಅದನ್ನೇ ಬೀಸಿ ಮೂವರನ್ನ ಕೆಡವಿದರು, ಪ್ರಜ್ಞೆ ತಪ್ಪಿ ಬೀಳೋವರೆಗೂ.

ಆರು ಗಂಟೆ ಆದಮೇಲೆ ಪ್ರತಿದಾಳಿ ಮಾಡಿ ಆ ಜಾಗ ವಾಪಸ್ ಪಡೆದವರಿಗೆ, ಅವರು ಫಿರಂಗಿ ಪಕ್ಕದಲ್ಲೇ ಸಿಕ್ಕರು. ಏಳು ಗಂಭೀರ ಗಾಯ, ಗುರುತು ಸಿಗದಷ್ಟು ಜಜ್ಜಿಹೋದ ಮುಖ, ಸುತ್ತ ಹತ್ತು ಜಪಾನಿ ಸೈನಿಕರ ಹೆಣ. ಫಿರಂಗಿ? ಅವತ್ತೇ ಮತ್ತೆ ಗುಂಡು ಹಾರಿಸಿತು!

1945ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆರನೇ ಜಾರ್ಜ್ ದೊರೆಯೇ ವಿಕ್ಟೋರಿಯಾ ಕ್ರಾಸ್ ತೊಡಿಸಿದರು. ಮರುವರ್ಷ ಸೈನ್ಯ ಬಿಟ್ಟರೂ, ಸ್ವಾತಂತ್ರ್ಯ ಬಂದಮೇಲೆ ಮತ್ತೆ ಸೇರಿ 1965ರವರೆಗೆ ದುಡಿದರು. ಸುಬೇದಾರ್ ಮೇಜರ್ ಆಗಿ ನಿವೃತ್ತಿ, ಆಮೇಲೆ ಗೌರವ ಕ್ಯಾಪ್ಟನ್ ಪದವಿ, 1983ರಲ್ಲಿ ಪದ್ಮಭೂಷಣ. ಊರಿಗೆ ಬಂದು ತಮ್ಮ ತುಂಡು ಜಮೀನಿನಲ್ಲಿ ಬೇಸಾಯ ಮಾಡ್ಕೊಂಡಿದ್ದರು.

ನನ್ನನ್ನ ನಿಜವಾಗಿ ಕಾಡಿದ್ದು ಇದರ ಮುಂದಿನ ಭಾಗ. 1995ರಲ್ಲಿ ಯುದ್ಧ ಮುಗಿದ ಐವತ್ತನೇ ವರ್ಷದ ಸಮಾರಂಭಕ್ಕೆ ಲಂಡನ್‌ಗೆ ಹೋದ ಈ ಮನುಷ್ಯನನ್ನ ಗಣ್ಯರ ಡೇರೆಯ ಬಾಗಿಲಲ್ಲಿ ತಡೆದರಂತೆ. ಎದೆ ಮೇಲಿನ ಪದಕ ಗುರುತಿಸಿದ ಬ್ರಿಗೇಡಿಯರ್ ಒಬ್ಬರು ಒಳಗೆ ಕರೆದೊಯ್ದರು. ಒಳಗೆ ಹೋದವರು ಸುಮ್ಮನಿರಲಿಲ್ಲ, ಪ್ರಧಾನಿ ಜಾನ್ ಮೇಜರ್ ಹತ್ತಿರ ಪಿಂಚಣಿಯ ಮಾತೆತ್ತಿದರು. ವಿಕ್ಟೋರಿಯಾ ಕ್ರಾಸ್ ಪಡೆದವರಿಗೆ 1959ರಲ್ಲಿ ಗೊತ್ತುಮಾಡಿದ್ದ ಗೌರವಧನ ವರ್ಷಕ್ಕೆ ಬರೀ 100 ಪೌಂಡ್. ಆ ವರ್ಷವೇ ಅದು 1,300 ಪೌಂಡ್ ಆಯ್ತು. ಕೇಳಿದ್ದು ತನಗೊಬ್ಬನಿಗಲ್ಲ, ಬದುಕಿದ್ದ ಜೊತೆಗಾರರಿಗೂ.

ಆ ಪದಕಕ್ಕೆ ಒಳ್ಳೇ ಬೆಲೆ ಕೊಡ್ತೀವಿ ಅಂತ ಬಂದವರೂ ಇದ್ದರು. ಕಷ್ಟ ಇತ್ತು, ಆದರೂ ಮಾರಲಿಲ್ಲ. ಮಾರಿದರೆ ಯುದ್ಧದಲ್ಲಿ ಸತ್ತವರಿಗೆ ಕಳಂಕ ಅನ್ನೋದು ಅವರ ನಿಲುವು. ಕಣಿವೆಯಲ್ಲಿ ಫಿರಂಗಿ ಬಿಡದೇ ಇದ್ದದ್ದೂ ಊರಲ್ಲಿ ಪದಕ ಮಾರದೇ ಇದ್ದದ್ದೂ ಒಂದೇ ಹಟ ಅಲ್ವಾ? ಎರಡೂ ತನ್ನೊಬ್ಬನದ್ದಲ್ಲ ಅಂತ ಅವರಿಗೆ ಗೊತ್ತಿತ್ತು.

2005ರ ನವೆಂಬರ್ 21ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಭಾರತೀಯರ ಕೈಗೆ ಫಿರಂಗಿ ಕೊಡೋಕೆ ಹೆದರಿದ ಸಾಮ್ರಾಜ್ಯದ ಫಿರಂಗಿಯೊಂದನ್ನ ಉಳಿಸಿದ್ದು ಇಂಥ ಒಬ್ಬ ಹವಾಲ್ದಾರ್. ಅವರಿಗೆ ಸಲ್ಲಬೇಕಾದ ದುಡ್ಡನ್ನ ಅವರೇ ಬಾಯಿಬಿಟ್ಟು ಕೇಳಬೇಕಾಯ್ತಲ್ಲ, ಅದೇ ಬೇಜಾರು.

ನಿಮ್ಮೂರಲ್ಲೂ ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಂಡಿರೋ ಹವಾಲ್ದಾರೋ ನಾಯಕ್‌ರೋ ಇರಬಹುದು. ಈ ಸಲ ಊರಿಗೆ ಹೋದಾಗ ಅವರ ಹತ್ತಿರ ಕೂತು ಮಾತಾಡಿಸಿ. ಸಾಧ್ಯವಾದರೆ ಬರೆದಿಡಿ.