ಆನೆಯ ಮುಪ್ಪು

ಆನೆಯ ಮುಪ್ಪು: ನೆಲದ ಮೇಲಿನ ಸಸ್ತನಿಗಳಲ್ಲಿ ಮನುಷ್ಯನನ್ನು ಬಿಟ್ಟರೆ ಆನೆಯಷ್ಟು ದೀರ್ಘಕಾಲ ಬಾಳುವ ಪ್ರಾಣಿ ಇಲ್ಲ. ಏಷ್ಯಾದ ಆನೆ 60ರಿಂದ 70 ವರ್ಷ ಬದುಕಬಲ್ಲದು. ತೈಪೆ ಮೃಗಾಲಯದ ಲಿನ್ ವಾಂಗ್ ಎಂಬ ಗಂಡಾನೆ 2003ರಲ್ಲಿ ಸತ್ತಾಗ ಅದಕ್ಕೆ 86 ವರ್ಷವೆಂದು ಲೆಕ್ಕ ಹಾಕಲಾಗಿತ್ತು. ಕನ್ನಡ ನಾಡಿನಲ್ಲಿ ಆನೆಯ ಇಳಿವಯಸ್ಸನ್ನು ಹತ್ತಿರದಿಂದ ನೋಡಲು ಸಿಗುವ ಜಾಗಗಳಲ್ಲಿ ಸಕ್ರೆಬೈಲು ಒಂದು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿಗೆ ಅಂಟಿಕೊಂಡು ಅರಣ್ಯ ಇಲಾಖೆಯ ಈ ಆನೆ ಬಿಡಾರವಿದೆ. ಕಾಡಿನಿಂದ ಹಿಡಿದು ಪಳಗಿಸಿದವು, ತಾಯಿ ತಪ್ಪಿದವು, ಬಿಡಾರದಲ್ಲೇ ಹುಟ್ಟಿದವು ಇಲ್ಲಿ ಒಟ್ಟಿಗೆ ಬಾಳುತ್ತವೆ.

ಮುಪ್ಪಿನ ಗುರುತುಗಳು ಮೊದಲು ತಲೆಯಲ್ಲಿ ಕಾಣುತ್ತವೆ. ಕಿವಿಯ ಮೇಲಂಚು ಮಡಚಿಕೊಳ್ಳುತ್ತದೆ, ಕಣ್ಣಿನ ಮೇಲ್ಭಾಗದ ಕಣತಲೆ ಗುಳಿ ಬೀಳುತ್ತದೆ, ಸೊಂಡಿಲು ಮತ್ತು ಕಿವಿಗಳಲ್ಲಿ ಬಣ್ಣ ಮಾಸಿದ ಮಚ್ಚೆಗಳು ಹರಡುತ್ತವೆ. ಆದರೆ ಆಯಸ್ಸಿನ ನಿಜವಾದ ಮಿತಿ ಇರುವುದು ಬಾಯೊಳಗೆ. ಆನೆಗೆ ಜೀವಮಾನದಲ್ಲಿ ಬರುವುದು ಆರು ಸರದಿಯ ದವಡೆಹಲ್ಲು ಮಾತ್ರ. ಹೊಸ ಹಲ್ಲು ಹಿಂದಿನಿಂದ ಹುಟ್ಟಿ ಮುಂದಕ್ಕೆ ಸರಿಯುತ್ತ ಸವೆದ ಹಲ್ಲನ್ನು ಹೊರದೂಡುತ್ತದೆ. ಆರನೆಯ ಸರದಿಯೂ ಸವೆದುಹೋದರೆ ಬೇರೆ ಹಲ್ಲು ಬರುವುದಿಲ್ಲ. ದಿನಕ್ಕೆ 150 ಕಿಲೋದಷ್ಟು ಸೊಪ್ಪು, ಹುಲ್ಲು, ತೊಗಟೆ ಬೇಕಾದ ದೇಹ ಆಗ ಅರೆಯಲಾಗದೆ ಸೊರಗುತ್ತದೆ. ಮುದಿ ಆನೆಯ ಲದ್ದಿಯಲ್ಲಿ ಉದ್ದುದ್ದ ನಾರು ಕಂಡರೆ ಹಲ್ಲು ಕೈಕೊಡುತ್ತಿದೆ ಎಂದೇ ಅರ್ಥ. ಮೆತ್ತಗೆ ಬೇಯಿಸಿದ ಆಹಾರ, ಸಣ್ಣಗೆ ಕತ್ತರಿಸಿದ ಹಸಿಮೇವು ಕೊಟ್ಟು ಆಗ ಅದರ ಬಾಳನ್ನು ಹಿಗ್ಗಿಸಬಹುದು. ಕಾಡಾನೆಗೆ ಆ ಅನುಕೂಲವಿಲ್ಲ.

ಆನೆಯ ದೀರ್ಘ ಬಾಳಿನ ವಿಷಯದಲ್ಲಿ ವಿಜ್ಞಾನಿಗಳನ್ನು ಹೆಚ್ಚು ಕಾಡಿದ ಪ್ರಶ್ನೆ ಕ್ಯಾನ್ಸರಿನದು. ದೇಹ ದೊಡ್ಡದಾದಷ್ಟೂ ಜೀವಕೋಶಗಳು ಹೆಚ್ಚು, ಬಾಳು ದೀರ್ಘವಾದಷ್ಟೂ ಕೋಶವಿಭಜನೆ ಹೆಚ್ಚು; ಹಾಗಾದರೆ ಆನೆಗೆ ಕ್ಯಾನ್ಸರ್ ಎಲ್ಲರಿಗಿಂತ ಹೆಚ್ಚಬೇಕಿತ್ತು. ಹಾಗಾಗುವುದಿಲ್ಲ. ಬ್ರಿಟನ್ನಿನ ರಿಚರ್ಡ್ ಪೀಟೋ 1970ರ ದಶಕದಲ್ಲಿ ಎತ್ತಿ ತೋರಿಸಿದ ಈ ವಿರೋಧಾಭಾಸ ಅವರ ಹೆಸರಿನಲ್ಲೇ ಉಳಿದಿದೆ. 2015ರಲ್ಲಿ ಪ್ರಕಟವಾದ ಸಂಶೋಧನೆ ಒಂದು ಉತ್ತರ ಕೊಟ್ಟಿತು: ಹಾಳಾದ ಕೋಶವನ್ನು ತಡೆಯುವ ಟಿಪಿ53 ವಂಶವಾಹಿಯ ಒಂದೇ ಪ್ರತಿ ಮನುಷ್ಯನ ಜೀನೋಮಿನಲ್ಲಿದ್ದರೆ, ಆಫ್ರಿಕದ ಆನೆಯಲ್ಲಿ ಸುಮಾರು 20 ಪ್ರತಿಗಳಿವೆ. ಏಷ್ಯಾದ ಆನೆಯಲ್ಲೂ ಹೆಚ್ಚುವರಿ ಪ್ರತಿಗಳಿವೆ. ಡಿಎನ್ಎಗೆ ಪೆಟ್ಟು ಬಿದ್ದ ಕೋಶವನ್ನು ದುರಸ್ತಿ ಮಾಡುತ್ತ ಕೂರುವ ಬದಲು ಆನೆಯ ದೇಹ ಅದನ್ನು ಬೇಗ ಸಾಯಿಸಿಬಿಡುತ್ತದೆ.

ಬದುಕುವ ರೀತಿಯೂ ಆಯಸ್ಸನ್ನು ನಿರ್ಧರಿಸುತ್ತದೆ. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು 18.9 ವರ್ಷ, ಮ್ಯಾನ್ಮಾರಿನಲ್ಲಿ ಮರ ಎಳೆಯುವ ಹೆಣ್ಣಾನೆಗಳದ್ದು 41.7 ವರ್ಷ ಎಂದು 2008ರ ಅಧ್ಯಯನ ತೋರಿಸಿತು. ದುಡಿಮೆಯಿದ್ದರೂ ರಾತ್ರಿ ಕಾಡಿನಲ್ಲಿ ಮೇಯುವ, ಜೊತೆಯವರೊಂದಿಗೆ ಬೆರೆಯುವ ಬಾಳು ಕಟ್ಟಡದೊಳಗಿನ ಬಾಳಿಗಿಂತ ಮೇಲು. ಸಕ್ರೆಬೈಲಿನಲ್ಲೂ ಬೆಳಗಿನ ಸ್ನಾನ, ಮೇವು ಮುಗಿದ ಮೇಲೆ ಆನೆಗಳನ್ನು ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡಿಗೆ ಬಿಡುತ್ತಾರೆ. ಮಾವುತರೂ ಅವರ ಸಹಾಯಕರಾದ ಕಾವಾಡಿಗಳೂ ಮರುದಿನ ಬೆಳಿಗ್ಗೆ ಹುಡುಕಿ ಕರೆತರುತ್ತಾರೆ. ಬಿಡಾರದ ಪದ್ಧತಿಗಳಲ್ಲಿ ಮುದಿ ಆನೆಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮ್ಯಾನ್ಮಾರಿನ 5,000ಕ್ಕೂ ಹೆಚ್ಚು ಆನೆಗಳ ದಾಖಲೆ ಆಧರಿಸಿದ 2018ರ ಅಧ್ಯಯನದ ಪ್ರಕಾರ, ಕಾಡಿನಿಂದ ಹಿಡಿದು ತಂದ ಆನೆಗಳು ಬಿಡಾರದಲ್ಲೇ ಹುಟ್ಟಿದವುಗಳಿಗಿಂತ ಬೇಗ ಸಾಯುತ್ತವೆ. ಸೆರೆಯ ಪೆಟ್ಟು ವರ್ಷಗಳಾಚೆಗೂ ಉಳಿಯುತ್ತದೆ.

ಮುದಿ ಹೆಣ್ಣಾನೆ ಹಿಂಡಿಗೆ ಭಾರವಲ್ಲ. ಎಳೆಯ ತಾಯಂದಿರ ಮರಿಗಳು ಅಜ್ಜಿಯ ಜೊತೆಗಿದ್ದರೆ ಬದುಕುಳಿಯುವ ಸಾಧ್ಯತೆ ಹೆಚ್ಚೆಂದು ಮ್ಯಾನ್ಮಾರಿನ ದಾಖಲೆಗಳೇ ಹೇಳುತ್ತವೆ.

ಕರ್ನಾಟಕದಲ್ಲಿ 60 ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ನಿಯಮ ಪಾಲಿಸುತ್ತಾರೆ. 2020ರಲ್ಲಿ ಮೈಸೂರು ದಸರೆಯ ಅಂಬಾರಿ ಹೊರುವ ಕೆಲಸ 60 ದಾಟಿದ್ದ ಅರ್ಜುನ ಎಂಬ ಆನೆಯಿಂದ ಅಭಿಮನ್ಯು ಎಂಬ ಆನೆಗೆ ಹೋದದ್ದು ಹೀಗೆ. ಆದರೆ ಅದೇ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸಲಗದ ದಾಳಿಗೆ ಬಲಿಯಾದ. ಅಂಬಾರಿಗೆ ಅನ್ವಯಿಸುವ ವಯಸ್ಸಿನ ಮಿತಿ ಸೆರೆ ಕಾರ್ಯಾಚರಣೆಗಳಿಗೂ ಅನ್ವಯಿಸಬೇಕು.