ಆನ್‌ಕಾಲ್ ವೈದ್ಯಸೇವೆ

ಹಿರಿಯ ವೈದ್ಯರು ಮನೆಗೆ ಹೋದ ಮೇಲೆ ವಾರ್ಡಿನ ರೋಗಿಗಳನ್ನೂ ಬಾಗಿಲಿಗೆ ಬರುವ ತುರ್ತು ರೋಗಿಗಳನ್ನೂ ನೋಡಿಕೊಳ್ಳುವ ಹೊಣೆಗೆ ಆನ್‌ಕಾಲ್ ಸೇವೆ ಎನ್ನುತ್ತಾರೆ. ಅದನ್ನು ಹೊತ್ತವರು ಜನರ ಬಾಯಲ್ಲಿ ‘ಡ್ಯೂಟಿ ಡಾಕ್ಟರು’. ಆ ಹೊಣೆ ಎಷ್ಟು ಬಗೆಯದೆಂಬುದಕ್ಕೆ ಬೆಂಗಳೂರು ಉತ್ತರದ ಮಾಕಳಿ ಒಂದು ಉದಾಹರಣೆ. ಅದು ತುಮಕೂರು ರಸ್ತೆಯ ಮೇಲಿರುವ ಊರು. ಅಲ್ಲಿಂದ ಒಂದು ದಿಕ್ಕಿಗೆ ನೆಲಮಂಗಲದ ತಾಲ್ಲೂಕು ಆಸ್ಪತ್ರೆ, ಇನ್ನೊಂದು ದಿಕ್ಕಿಗೆ ಯಶವಂತಪುರ, ಮಲ್ಲೇಶ್ವರದ ದೊಡ್ಡ ಆಸ್ಪತ್ರೆಗಳು. ಹೆದ್ದಾರಿಯ ಅಪಘಾತ, ಕಾರ್ಖಾನೆಯ ಗಾಯ, ಹೊಲದ ಹಾವು ಕಡಿತ ಮೂರೂ ಒಂದೇ ರಾತ್ರಿ ಬರಬಹುದಾದ ಸೀಮೆ ಇದು.

ಕಿರಿಯ ವೈದ್ಯರು ಆಸ್ಪತ್ರೆಯ ಆವರಣದಲ್ಲೇ ವಾಸವಿದ್ದು ಕಲಿಯುವ ಪದ್ಧತಿ ಪಶ್ಚಿಮದಿಂದ ಬಂತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆದಾಗ ಅಲ್ಲಿನ ವೈದ್ಯ ವಿಲಿಯಂ ಆಸ್ಲರ್ ಆ ಪದ್ಧತಿಗೆ ಕ್ರಮಬದ್ಧ ರೂಪ ಕೊಟ್ಟರು. ಇತ್ತ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿದ್ದು, 1900ರ ಡಿಸೆಂಬರ್ 8ರಂದು ವೈಸರಾಯ್ ಕರ್ಜನ್ ಅದನ್ನು ಉದ್ಘಾಟಿಸಿದರು. ಮೈಸೂರು ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲೇ 1924ರಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರು ವೈದ್ಯಕೀಯ ಕಾಲೇಜು 1955ರಲ್ಲಿ ಬಂತು. ಕಾಲೇಜುಗಳ ಜೊತೆಗೆ, ಆಸ್ಪತ್ರೆಯಲ್ಲಿದ್ದು ಕಲಿಯುವ ಕಿರಿಯ ವೈದ್ಯರಿಗೆ ‘ಹೌಸ್ ಸರ್ಜನ್’ ಎಂಬ ಮಾತೂ ಕನ್ನಡಕ್ಕೆ ಇಳಿಯಿತು. ಅದು ಇಂದಿಗೂ ಹೋಗಿಲ್ಲ.

ಮೊಬೈಲ್ ಬರುವ ಮುಂಚೆ ಈ ಸೇವೆಯ ಜೀವಾಳವಾಗಿದ್ದದ್ದು ‘ಕಾಲ್ ಬುಕ್’. ಹಾಸಿಗೆಯ ಸಂಖ್ಯೆ, ರೋಗಿಯ ಸ್ಥಿತಿ, ಕರೆದ ಹೊತ್ತು ಬರೆದ ಆ ಪುಸ್ತಕವನ್ನು ವಾರ್ಡ್ ಬಾಯ್ ಹಿರಿಯರ ಕ್ವಾರ್ಟರ್ಸ್‌ಗೆ ಹೊತ್ತೊಯ್ಯುತ್ತಿದ್ದ. ಅವರು ಸಹಿ ಹಾಕಿ ಬರಬೇಕು, ಇಲ್ಲವೇ ಚಿಕಿತ್ಸೆ ಬರೆದು ಕಳಿಸಬೇಕು. ಯಾರನ್ನು ಎಷ್ಟು ಹೊತ್ತಿಗೆ ಕರೆದರು ಎಂಬುದಕ್ಕೆ ಅದೇ ದಾಖಲೆ. ಫೋನಿನಲ್ಲಿ ಹೇಳಿದ ಮಾತಿಗೆ ಆ ಗಟ್ಟಿತನವಿಲ್ಲ.

ರಾತ್ರಿಯ ಕರೆಗಳಲ್ಲಿ ಜ್ವರ, ಉಬ್ಬಸ, ಬಿಪಿ ಕುಸಿತ, ಮೂತ್ರ ಕಟ್ಟುವುದು, ಮಂಚದಿಂದ ಬೀಳುವುದು ಸಾಮಾನ್ಯ. ನೋಡಲು ಸಣ್ಣದೆನಿಸಿ ಮೋಸ ಮಾಡುವವು ಬೇರೆಯೇ ಇವೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟ ಅಜ್ಜಿ ಮಂಪರಿನಲ್ಲಿದ್ದರೆ ಪಾರ್ಶ್ವವಾಯು ಎಂದು ತಿಳಿಯುವ ಮೊದಲು ಶುಗರ್ ನೋಡಬೇಕು. ಗ್ಲೂಕೋಸ್ ಏರಿಸಿದೊಡನೆ ಕಣ್ಣು ಬಿಟ್ಟರೂ ಮನೆಗೆ ಕಳಿಸುವಂತಿಲ್ಲ: ಕೆಲವು ಮಾತ್ರೆಗಳ ಪ್ರಭಾವ ಬಹಳ ಹೊತ್ತು ಉಳಿದು ಶುಗರ್ ಮತ್ತೆ ಇಳಿಯುತ್ತದೆ. ಕಟ್ಟುಹಾವಿನ ಕಡಿತ ಇನ್ನೂ ಕಪಟದ್ದು. ನೆಲದ ಮೇಲೆ ಮಲಗಿದವರನ್ನು ಅದು ನಿದ್ದೆಯಲ್ಲೇ ಕಚ್ಚುತ್ತದೆ. ಬಾವಿಲ್ಲ, ಕಚ್ಚಿದ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಬಂದವರ ರೆಪ್ಪೆ ಜೋಲುತ್ತಿದ್ದರೆ ಅದು ಈ ವಿಷದ ಲಕ್ಷಣ; ಗ್ಯಾಸ್ಟ್ರಿಕ್ ಚುಚ್ಚುಮದ್ದು ಕೊಟ್ಟು ಕಳಿಸಿದ ಡಾಕ್ಟರು ಒಂದು ಜೀವವನ್ನೇ ಕಳೆದಂತೆ. ಕೊಳಕುಮಂಡಲ ಹಾವಿನ ವಿಷ ಏರಿದೆಯೇ ಎಂದು ತಿಳಿಯಲು ಒಂದು ಗಾಜಿನ ನಳಿಕೆ ಸಾಕು: ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟಾಗ ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಬೇಕು. ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ನಡೆಯುವ ಈ ಪರೀಕ್ಷೆ ಆನ್‌ಕಾಲ್ ವೈದ್ಯಕೀಯದ ಅತ್ಯುತ್ತಮ ಸಾಧನಗಳಲ್ಲೊಂದು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಈಗಿನ ನಿಯಮ. 2023ರಲ್ಲಿ ಘೋಷಣೆಯಾದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ಓದಿ ಹೇಳುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಅಲ್ಲಿಯೇ ಉಚಿತ. ಒಂಟಿಯಾಗಿ ನಿಂತಿದ್ದ ಡ್ಯೂಟಿ ಡಾಕ್ಟರಿಗೆ ಇದು ದೊಡ್ಡ ಆಸರೆ.

ಅಪಘಾತದ ಗಾಯಾಳುಗಳ ವಿಷಯದಲ್ಲಿ ಕಾನೂನು, ವ್ಯವಸ್ಥೆ ಬದಲಾದದ್ದು ನಿಧಾನವಾಗಿ. ಪೊಲೀಸ್ ಕೇಸ್ ಎಂಬ ಅಂಜಿಕೆಯಿಂದ ಗಾಯಾಳುಗಳನ್ನು ಆಸ್ಪತ್ರೆಗಳು ಸಾಗಹಾಕುತ್ತಿದ್ದ ಕಾಲದಲ್ಲಿ, 1989ರ ಪರಮಾನಂದ ಕಟಾರಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೀವ ಉಳಿಸುವುದೇ ಮೊದಲು, ವಿಧಿವಿಧಾನ ಆಮೇಲೆ ಎಂದು ಸ್ಪಷ್ಟಪಡಿಸಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ‘ಆರೋಗ್ಯ ಕವಚ 108’ ಆಂಬುಲೆನ್ಸ್ ಓಡಾಟ ಶುರುವಾಯಿತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಇದೇ ತುಮಕೂರು ಹೆದ್ದಾರಿಯಲ್ಲಿ ಲಾರಿ ಹರಿದು ದೇಹ ಎರಡಾಗಿ ಬಿದ್ದಿದ್ದ ಯುವಕ ಹರೀಶ್, ತನ್ನ ಅಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡರು. ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ಬಂತು: ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರದ ಭರವಸೆ. ಅಡ್ವಾನ್ಸ್ ಕಟ್ಟಿದಿರಾ ಎಂಬ ಪ್ರಶ್ನೆಯಿಲ್ಲದೆ ಕೈ ಹಾಕುವ ಧೈರ್ಯವನ್ನು ಅದು ಡ್ಯೂಟಿ ಡಾಕ್ಟರಿಗೆ ಕೊಟ್ಟಿತು.

ಎಚ್ಚರವಿರುವವರ ಆಯಾಸದ ಲೆಕ್ಕ ಮಾತ್ರ ಇನ್ನೂ ಬಾಕಿ. ನ್ಯೂಯಾರ್ಕ್‌ನಲ್ಲಿ 1984ರಲ್ಲಿ 18ರ ಹರೆಯದ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಲ್ಲಿ ಸತ್ತಾಗ ದೀರ್ಘ ಪಾಳಿಯ ಕಿರಿಯ ವೈದ್ಯರ ದಣಿವು ಚರ್ಚೆಗೆ ಬಂದು, 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಕಿರಿಯ ವೈದ್ಯರಿಗಾಗಿ ಭಾರತದ 1992ರ ರೆಸಿಡೆನ್ಸಿ ಯೋಜನೆ ದಿನಕ್ಕೆ 12, ವಾರಕ್ಕೆ 48 ಗಂಟೆ ಎಂದಿತ್ತು. ಆದರೂ ಕಾಲೇಜು ಆಸ್ಪತ್ರೆಗಳ ಸ್ನಾತಕೋತ್ತರ ವಿದ್ಯಾರ್ಥಿಗಳಾದ ಪಿಜಿಗಳು ಇಂದಿಗೂ 24ರಿಂದ 36 ಗಂಟೆ ಒಂದೇ ಸಮ ದುಡಿಯುವುದುಂಟು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ‘ಸಮಂಜಸ’ ಅವಧಿ ಎಂದು ಹೇಳಿ ಅಂಕಿಯನ್ನೇ ಬಿಟ್ಟಿತು. ಜೋಲುವ ರೆಪ್ಪೆಯನ್ನು ಬೆಳಗಿನ ಜಾವ ಗುರುತಿಸಬೇಕಾದವರ ಕಣ್ಣೇ ಮುಚ್ಚಿಹೋಗುವ ಈ ಪದ್ಧತಿ ತಪ್ಪು. ಗಂಟೆಗಳ ಅಂಕಿ ನಿಯಮದೊಳಗೆ ಮರಳಿ ಬರಬೇಕು.